ತರು, ಇಡು, ಕೂಡು

ಜನವರಿ 20, ಸೋಮವಾರ. ಬೆಳಿಗ್ಗೆ

ಮತ್ತೆ ಟೇಬಲ್ ಜಗಳ. ಇವತ್ತು ಇತ್ಯರ್ಥವಾಯಿತು. ಮನೆಯವಳ ಕಟಿಂಗ್ ಟೇಬಲ್ಲಿನ ಮುಕ್ಕಾಲು ಭಾಗ ನನಗೆ, ಕಾಲು ಭಾಗ ಅವಳ ಪರದೆ ಬಟ್ಟೆಗಳಿಗೆ. ಅದೂ ಮಾರ್ಚ್ ಮೊದಲ ವಾರದವರೆಗೆ ಮಾತ್ರ. ಇಷ್ಟು ಒಪ್ಪಿಕೊಂಡ ಮೇಲೂ ಮುಖ ಊದಿಸಿಕೊಂಡೇ ಚಹಾ ಕೊಟ್ಟಳು.

"ಇಡೀ ಆಯಸ್ಸು ಲಿಫ್ಟ್ ಲಿಫ್ಟ್ ಅಂತ ಹೊರಗಿದ್ರಿ. ರಿಟೈರ್ ಆದ್ಮೇಲೆ ಲಿಫ್ಟನ್ನೇ ಮನೆಗೆ ತಂದ್ರಿ."

ಲಿಫ್ಟ್ ಅಲ್ಲ ಕಣೇ, ಕಂಪ್ಯೂಟರ್ ಎಂದರೆ ಮೂಗು ಮುರಿಯುತ್ತಾಳೆ. ಅವಳ ತಪ್ಪೇನೂ ಇಲ್ಲ. ಟೇಬಲ್ ಮೇಲೆ ಇರುವುದೆಲ್ಲ ಲಿಫ್ಟಿನದೇ. ಹಳೆಯ ಕಂಟ್ರೋಲ್ ಪ್ಯಾನೆಲ್ ಎರಡು, ಗುಜರಿಗೆ ಹೊರಟಿದ್ದವು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ ಎಣ್ಣೆಡಬ್ಬಿಯೇ ಕಂಪನಿಯವರನ್ನು ಕೇಳಿ ತಂದುಕೊಟ್ಟ. (ಯಾವಾಗ ನೋಡಿದರೂ ಕೈಯಲ್ಲಿ ಎಣ್ಣೆಡಬ್ಬಿ, ಹಾಗಾಗಿ ಆ ಹೆಸರು. ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು.) ಒಂದೊಂದು ಪ್ಯಾನೆಲ್ ತುಂಬ ರಿಲೇಗಳು, ಕರೆಂಟು ಬಂದರೆ ತಾವೇ ಅಂಟಿಕೊಳ್ಳುವ ಸ್ವಿಚ್ಚುಗಳು. ಕಾಂಟ್ಯಾಕ್ಟುಗಳೆಲ್ಲ, ಅಂದರೆ ಒಂದಕ್ಕೊಂದು ತಾಗುವ ತುದಿಗಳು, ಕಪ್ಪಗಾಗಿವೆ. ಗಟ್ಟಿ ಕಾಗದದ ಪಟ್ಟಿ ತೂರಿಸಿ ಉಜ್ಜುತ್ತಾ ಕೂತಿದ್ದೇನೆ. ಉಜ್ಜಿದ್ದಕ್ಕೆ ಕರೆಂಟು ಕೊಟ್ಟರೆ ಟಕ್! ಆಹಾ. ಈ ಸದ್ದು ಕೇಳಿ ಎಷ್ಟು ದಿನವಾಗಿತ್ತು.

ಎಲ್ಲ ಪುಟ್ಟಿಗಾಗಿ. ನಮ್ಮ ಮಗಳು. ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದರೂ ನಮಗೆ ಪುಟ್ಟಿಯೇ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಮೇಷ್ಟ್ರು... ಮೇಡಂ. ಇಷ್ಟು ವರ್ಷವೂ ತಾತ್ಕಾಲಿಕ. ಜೂನ್ ಬಂದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಈಗ ಒಂದು ಕಾಯಂ ಹುದ್ದೆ ಬಿದ್ದಿದೆ. ಮೂವರು ಕಣದಲ್ಲಿದ್ದಾರೆ. ಆಯ್ಕೆ ಮಾಡುವವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ, ಅವರ ಮುಂದೆ ನಿಜವಾದ ಹುಡುಗರಿಗೆ ಒಂದು ಪಾಠ ಮಾಡಬೇಕು. ಇವಳ ಪಾಲಿಗೆ ಬಂದ ವಿಷಯ — ಕಂಪ್ಯೂಟರಿನ ಹಾರ್ಡ್‌ವೇರ್ ಮಾಡುವ ಮೂಲ ಕೆಲಸಗಳು.

"ಪರದೆ ಮೇಲೆ ಚಿತ್ರ ತೋರಿಸಿದ್ರೆ ಹುಡುಗ್ರು ತಲೆ ಅಲ್ಲಾಡಿಸ್ತಾರೆ ಅಷ್ಟೇ ಅಪ್ಪ. ಒಳಗೆ ಏನಾಗ್ತಿದೆ ಅಂತ ಕಿವಿಗೆ ಕೇಳಿಸ್ಬೇಕು. ನಿನ್ನ ರಿಲೇ ಥರ."

ನಿನ್ನ ರಿಲೇ ಥರ ಎಂದಳು. ಅಷ್ಟು ಸಾಕಾಯಿತು ನನಗೆ.

ಜನವರಿ 26, ಭಾನುವಾರ. ಸಂಜೆ

ಪುಟ್ಟಿ ಇಡೀ ದಿನ ಮನೆಯಲ್ಲಿದ್ದಳು. ಪಾಠ ನನಗೆ! ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಚೌಕ ಬರೆದು ವಿವರಿಸಿದಳು. ಇಷ್ಟು ವರ್ಷ ಕಂಪ್ಯೂಟರ್ ಎಂದರೆ ಮಹಾ ಬುದ್ಧಿವಂತ ಎಂದುಕೊಂಡಿದ್ದೆ. ಶುದ್ಧ ಪೆದ್ದ. ಅದಕ್ಕೆ ಬರುವುದು ನಾಲ್ಕಾರು ಕೆಲಸ. ನಮ್ಮ ಯಂತ್ರಕ್ಕೆ ಪುಟ್ಟಿ ಆರು ಕೆಲಸ ಇಟ್ಟಿದ್ದಾಳೆ: ಒಂದು ಜಾಗದಿಂದ ಸಂಖ್ಯೆಯನ್ನು ಕೈಗೆ ತರು (ಕೈ ಎಂದರೆ ಯಂತ್ರ ಆ ಹೊತ್ತಿನ ಸಂಖ್ಯೆಯನ್ನು ಹಿಡಿದುಕೊಳ್ಳುವ ಗೂಡು). ಕೈಯಲ್ಲಿರುವುದನ್ನು ಜಾಗದಲ್ಲಿ ಇಡು. ಜಾಗದಲ್ಲಿರುವುದನ್ನು ಕೈಗೆ ಕೂಡು. ಕೈಯಲ್ಲಿರುವುದರಿಂದ ಒಂದು ಕಳೆ. ಕೈಯಲ್ಲಿ ಸೊನ್ನೆ ಇಲ್ಲದಿದ್ದರೆ ಇಂಥ ಸಾಲಿಗೆ ಜಿಗಿ. ನಿಲ್ಲು. ಮುಗಿಯಿತು. ದೊಡ್ಡ ಯಂತ್ರಗಳೂ ಇಂಥವನ್ನೇ ಮಾಡುವುದಂತೆ, ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆ ಸಲ.

"ಅಷ್ಟೇನಾ?" ಎಂದಳು ಮನೆಯವಳು, ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಇಷ್ಟು ದಡ್ಡ ಯಂತ್ರಕ್ಕೆ ನನ್ನ ಟೇಬಲ್ ಬೇಕಿತ್ತಾ?"

"ದಡ್ಡ, ಆದ್ರೆ ಹೇಳಿದ ಮಾತು ಕೇಳುತ್ತೆ ಅಮ್ಮಾ."

"ಹಾಗಾದ್ರೆ ನಿಮ್ಮಪ್ಪನಿಗಿಂತ ವಾಸಿ."

ತಾಯಿ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗಲಿ.

ಯಾವ ಕೆಲಸ ಆದ ಮೇಲೆ ಯಾವುದು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು — ಅಲ್ಲಿ ಪುಟ್ಟಿ ತಲೆ ಕೆರೆದುಕೊಂಡು ಕೂತಿದ್ದಳು. ನಾನು ಎದ್ದು ಹೋಗಿ ಮಂಚದ ಕೆಳಗಿನಿಂದ ಫ್ಲೋರ್ ಸೆಲೆಕ್ಟರ್ ಎಳೆದು ತಂದೆ. ಹಳೆಯ ಲಿಫ್ಟಿನದು, ಯಾವ ಮಹಡಿಯಲ್ಲಿದ್ದೇವೆ ಎಂದು ಲೆಕ್ಕ ಇಡುವುದು, ಹನ್ನೆರಡು ಮಹಡಿಗೆ ಹನ್ನೆರಡು ಹಲ್ಲು. ಕೆಲಸಗಳ ಪಟ್ಟಿಯ ಒಂದೊಂದು ಸಾಲು ಒಂದೊಂದು ಮಹಡಿ ಎಂದುಕೋ ಪುಟ್ಟಿ. ಪ್ರತಿ ಮಹಡಿಯಲ್ಲೂ ಒಂದು ಸಾಲು ಸ್ವಿಚ್ಚು, ಇಲ್ಲಿ ಏನು ಮಾಡಬೇಕು ಎಂದು ಹೇಳುವುದಕ್ಕೆ. ಗುಂಡಿ ಒತ್ತಿದಾಗ ಆ ಮಹಡಿಯ ಸ್ವಿಚ್ಚುಗಳನ್ನು ಓದಿಕೊಳ್ಳಲಿ, ಬೆರಳು ಬಿಟ್ಟಾಗ ಕೆಲಸ ಮಾಡಿ ಮೇಲಿನ ಮಹಡಿಗೆ ಹೋಗಲಿ. ಜಿಗಿ ಎಂದರೆ ಏಳರಿಂದ ನೇರ ಎರಡಕ್ಕೆ ಇಳಿಯಲಿ. ನಡುವೆ ಎಲ್ಲೂ ಬಾಗಿಲು ತೆಗೆಯುವ ಹಾಗಿಲ್ಲ.

ಪುಟ್ಟಿ ನನ್ನ ಕೆನ್ನೆ ಹಿಂಡಿದಳು. ನಾನವಳ ಕೆನ್ನೆ ಹಿಂಡುತ್ತಿದ್ದ ಕಾಲ ಹೋಯಿತು.

ಫೆಬ್ರವರಿ 2, ಭಾನುವಾರ

ಇವತ್ತು ನೆನಪಿನ ಜಾಗಗಳು. ಎಂಟು ಜಾಗ, ಒಂದೊಂದಕ್ಕೆ ನಾಲ್ಕು ರಿಲೇ. ಎಂಟರದು, ನಾಲ್ಕರದು, ಎರಡರದು, ಒಂದರದು. ಐದು ಎಂದರೆ ನಾಲ್ಕರದ್ದೂ ಒಂದರದ್ದೂ ಅಂಟಿಕೊಂಡಿರಬೇಕು, ಉಳಿದೆರಡು ಬಿಟ್ಟಿರಬೇಕು. ಹೀಗೆ ಹದಿನೈದರವರೆಗೆ ಎಣಿಸಬಹುದು. ನಮಗೆ ಸಾಕು.

ಈ ಕೆಲಸ ನನಗೆ ಹೂವು ಎತ್ತಿದಷ್ಟು ಸುಲಭ. ಲಿಫ್ಟಿನಲ್ಲಿ ಮಹಡಿಯ ಗುಂಡಿ ಒತ್ತಿ ಬೆರಳು ತೆಗೆದ ಮೇಲೂ ದೀಪ ಉರಿಯುತ್ತಲೇ ಇರುತ್ತದಲ್ಲ, ಅದೇ ನೆನಪು. ಆ ಸರ್ಕ್ಯೂಟನ್ನು ಕಣ್ಣಿಗೆ ಬಟ್ಟೆ ಕಟ್ಟಿದರೂ ಕಟ್ಟುತ್ತೇನೆ. ಪುಟ್ಟಿ ಡ್ರಾಯಿಂಗ್ ಬರೆದುಕೊಡುತ್ತೇನೆ ಎಂದಳು. ಬೇಡ ತಾಯಿ, ನಿನ್ನ ಅಪ್ಪನಿಗೆ ಕರೆ ಹಿಡಿಯುವ ರಿಲೇ ಕಟ್ಟುವುದು ಹೇಳಿಕೊಡಬೇಡ ಎಂದೆ. ಕೂತು ಒಂದೇ ದಿನದಲ್ಲಿ ಮುಗಿಸಿದೆ.

ದೀಪಗಳು ಸಾಲಲಿಲ್ಲ. ಕೈಗೆ ನಾಲ್ಕು, ಮಹಡಿಗಳಿಗೆ ಹನ್ನೆರಡು ಹಾಕುವಷ್ಟರಲ್ಲಿ ಖಾಲಿ. ನೆನಪಿನ ಜಾಗಗಳಿಗೆ ಇಲ್ಲ. ಅವನ್ನು ತಗಡಿನ ಡಬ್ಬಿಯೊಳಗೆ ಕೂರಿಸಿ ಮುಚ್ಚಳ ಹಾಕಿದೆ. ಒಳ್ಳೆಯದೇ ಆಯಿತು, ಧೂಳು ಹೋಗುವುದಿಲ್ಲ.

ಫೆಬ್ರವರಿ 11, ಮಂಗಳವಾರ. ರಾತ್ರಿ ಊಟಕ್ಕೆ ಮುಂಚೆ

ಕೂಡಿತು!!

ಎರಡು, ಮೂರು — ಐದು. ಎಂಟು ದಿನ ಒದ್ದಾಡಿದ್ದು ಇದಕ್ಕೇ. ಒಂದಕ್ಕೆ ಒಂದು ಕೂಡಿದರೆ ಇಲ್ಲಿ ಸೊನ್ನೆ, ದಶಕದ ಹಾಗೆ ಒಂದು ಪಕ್ಕದ ಮನೆಗೆ ಹೋಗಬೇಕು. ಆ ಪಕ್ಕಕ್ಕೆ ಹೋಗುವ ಒಂದು ಎಲ್ಲೆಲ್ಲೋ ಹೋಗುತ್ತಿತ್ತು. ಹಸಿರು ವೈರನ್ನೂ ನೀಲಿ ವೈರನ್ನೂ ಅದಲು ಬದಲು ಮಾಡಿದ್ದೆ. ಕನ್ನಡಕ ಬದಲಿಸಬೇಕು ಎಂದು ಮನೆಯವಳು ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಅವಳಿಗೆ ವೈರಿನ ವಿಷಯ ಹೇಳಿಲ್ಲ.

ಕೂಡುವಾಗಿನ ಸದ್ದು ಬರೆದಿಡಬೇಕು. ಟಕ್ — ಮಹಡಿ ಓದಿಕೊಂಡಿತು. ಟಕ್ ಟಕ್ — ಯಾವ ಕೆಲಸ ಎಂದು ಗುರುತು ಹಿಡಿಯಿತು. ಆಮೇಲೆ ಬಲದಿಂದ ಎಡಕ್ಕೆ ಟಕಟಕಟಕ — ಒಂದು ಪಕ್ಕಕ್ಕೆ, ಪಕ್ಕಕ್ಕೆ ದಾಟಿಕೊಂಡು ಹೋಯಿತು. ದೀಪ ಹತ್ತಿದಾಗ ಮೂವರೂ ಊಟದ ಹೊತ್ತು ಮರೆತು ನಿಂತಿದ್ದೆವು. ಮನೆಯವಳು ಮಾತ್ರ, "ಇನ್ನೊಂದ್ಸಲ ಮಾಡಿಸಿ" ಎಂದಳು. ಹೊಸದಾಗಿ ಸಂಖ್ಯೆ ತುಂಬಿ ಮಾಡಿಸಿದೆ. ಅವಳಿಗೂ ಹಿಡಿಸಿದೆ. ಬಾಯಿ ಬಿಟ್ಟು ಹೇಳುವವಳಲ್ಲ.

ಫೆಬ್ರವರಿ 16, ಭಾನುವಾರ

ಇವತ್ತು ಜಿಗಿತ. ಒಂದು ಜಾಗದಲ್ಲಿ ಐದು ತುಂಬಿದೆವು. ಕೈಗೆ ತರು, ಒಂದು ಕಳೆ, ಅಲ್ಲೇ ಇಡು, ಸೊನ್ನೆ ಆಗದಿದ್ದರೆ ಮೊದಲಿಗೆ ಜಿಗಿ. ಐದು, ನಾಲ್ಕು, ಮೂರು, ಎರಡು, ಒಂದು... ಸೊನ್ನೆ. ನಿಲ್ಲು. ನಿಂತ ಕೂಡಲೇ ಲಿಫ್ಟಿನ ಹಳೆಯ ಗಂಟೆ ಟಿಂಗ್ ಎಂದಿತು (ಅದು ನನ್ನ ಸ್ವಂತ ಐಡಿಯಾ). ಗಂಟೆ ಕೇಳಿ ಕೆಳಗಿನ ಮನೆಯ ಅಜ್ಜಿ ಬಾಗಿಲು ತೆಗೆದು ಯಾರು ಬಂದರೆಂದು ನೋಡಿದರಂತೆ. ಮೂರು ಸಲ. ಸಂಜೆ ಮೆಟ್ಟಿಲ ಮೇಲೆ ಸಿಕ್ಕಿ, "ನಿಮ್ಮನೆಗೆ ಬಹಳ ಜನ ಬರ್ತಾರಪ್ಪ" ಎಂದರು.

ಮೂರು ಸಂಖ್ಯೆ ಕೂಡುವುದನ್ನೂ ಮಾಡಿಸಿದೆವು. ಎಲ್ಲ ಸರಿ. ಪಾಠಕ್ಕೆ ಈ ಎರಡು ಸಾಕೆಂದಳು ಪುಟ್ಟಿ. ಬೀಗುತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಫೆಬ್ರವರಿ 23, ಭಾನುವಾರ

ಯಂತ್ರಕ್ಕೇನೂ ಕೆಲಸವಿಲ್ಲ. ಪುಟ್ಟಿಗೆ ನಿದ್ದೆಯಿಲ್ಲ. ಕಣ್ಣಿನ ಕೆಳಗೆ ಕಪ್ಪು. ಬೆಳಿಗ್ಗೆ ಬಟ್ಟೆ ಒಣಹಾಕುವಾಗ ತಾಯಿಯ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು. ಕಾಯಂ ಹುದ್ದೆಗೆ ವಯಸ್ಸಿನ ಮಿತಿ ಇದೆಯಂತೆ. ಈ ವರ್ಷ ದಾಟಿದರೆ ಇನ್ನು ಅರ್ಜಿ ಹಾಕುವ ಹಾಗೆಯೇ ಇಲ್ಲ. ಉಳಿದ ಇಬ್ಬರೂ ಹುರುಪಿನ ಹುಡುಗರು, ದೊಡ್ಡ ಡಿಗ್ರಿಯವರು.

"ಸಿಗದಿದ್ರೂ ಪಾಠ ಮಾಡೋದು ಬಿಡಲ್ಲ ಅಮ್ಮ. ಆದ್ರೆ ಪ್ರತಿ ಜೂನಲ್ಲೂ ಅವರ ಬಾಗಿಲ ಮುಂದೆ ನಿಲ್ಲೋದು... ಸಾಕಾಗಿದೆ."

ಮನೆಯವಳು ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿ ಅವಳ ಬೆನ್ನು ಸವರಿದಳು. ನಾನು ಕೇಳಿಸಿಕೊಳ್ಳದವನ ಹಾಗೆ ಒಳಗೆ ಬಂದೆ. ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿದೆ. ಬೇರೇನು ಮಾಡಲಿ ನಾನು?

ಮಾರ್ಚ್ 3, ಸೋಮವಾರ. ಸಂಜೆ

ನಾಳೆ ಪಾಠ. ಎಣ್ಣೆಡಬ್ಬಿಯ ವ್ಯಾನಿನಲ್ಲಿ ಯಂತ್ರ ಕಾಲೇಜಿಗೆ ಹೋಯಿತು. ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ರಸ್ತೆಯಲ್ಲಿ ಗುಂಡಿ ಕಂಡ ಕಡೆಯೆಲ್ಲ ಅವನನ್ನು ಬೈದೆ. ಗುಂಡಿ ತೋಡಿದವನು ಅವನೇನೂ ಅಲ್ಲ, ಪಾಪ.

ಕ್ಲಾಸ್‌ರೂಮಿನಲ್ಲಿ ಇಟ್ಟು ಪರೀಕ್ಷೆ ಮಾಡಿದೆವು. ಪುಟ್ಟಿ ಗುಂಡಿ ಒತ್ತಿದರೆ ಕೆಲವು ಸಲ ಎರಡು ಮಹಡಿ ಒಟ್ಟಿಗೆ ಹತ್ತಿಬಿಡುತ್ತದೆ. ಬೆರಳು ನಡುಗಿದರೆ ಕಾಂಟ್ಯಾಕ್ಟ್ ಎರಡು ಸಲ ತಾಗುತ್ತದೆ. ನಾನು ಒತ್ತಿದರೆ ಆಗುವುದಿಲ್ಲ.

"ನಾಳೆ ನೀನೇ ಒತ್ತಬೇಕಪ್ಪ."

"ನಾನಾ? ಅಷ್ಟು ಜನರ ಮುಂದೆ?"

"ನಾನು ‘ಹ್ಞೂಂ’ ಅಂದಾಗ ಒತ್ತು. ಬಿಡು ಅಂದಾಗ ಬಿಡು. ಒಂದು ಮಾತೂ ಆಡ್ಬೇಡ. ಏನೇ ಆದ್ರೂ ಬಾಯಿ ಬಿಡ್ಬೇಡ. ಎಲ್ಲಾ ನೀನೇ ಮಾಡಿದ್ದು, ನಂಗೇನೂ ಗೊತ್ತಿಲ್ಲ ಅಂತ ಅಂದ್ಕೊಂಡುಬಿಡ್ತಾರೆ."

ಆಯಿತು ಎಂದೆ. ಅಲ್ಲಿ ನಾನು ಅಪ್ಪನಲ್ಲ, ‘ತಂತ್ರಜ್ಞರು’. ಹಾಗೆಂದೇ ಪರಿಚಯ ಮಾಡಿಸುತ್ತಾಳಂತೆ. ಮನೆಯವಳು ತಂತ್ರಜ್ಞರ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಾಳೆ. ಕಾಲರಿನ ಹತ್ತಿರ ಬೆಸುಗೆಯ ಬಿಸಿ ಸೋಲ್ಡರ್ ತಾಗಿ ಸುಟ್ಟ ತೂತು. ಒಳಗಿನಿಂದ ತೇಪೆ ಹಾಕಿದಳು. ಕಾಣಿಸುವುದೇ ಇಲ್ಲ.

ಮಾರ್ಚ್ 4, ಮಂಗಳವಾರ. ಸಂಜೆ

ಇವತ್ತೇ ಬರೆಯಬೇಕು.

ರೂಮು ತುಂಬ ಹುಡುಗ ಹುಡುಗಿಯರು. ಹಿಂದಿನ ಬೆಂಚಿನಲ್ಲಿ ಮೂವರು. ವಿಭಾಗದ ಮುಖ್ಯಸ್ಥರು, ಒಬ್ಬ ಕಚೇರಿಯವರು, ಹೊರಗಿನಿಂದ ಬಂದ ಬಿಳಿಕೂದಲಿನ ಪ್ರೊಫೆಸರ್ ಒಬ್ಬರು. ಹೆಂಗಸು. ನಗುವುದೇ ಗೊತ್ತಿಲ್ಲದ ಮುಖ.

ಪುಟ್ಟಿ ಶುರು ಮಾಡಿದಳು. ನಾನು ನನ್ನ ಮಗಳು ಪಾಠ ಮಾಡುವುದನ್ನು ಈವರೆಗೆ ನೋಡಿಯೇ ಇರಲಿಲ್ಲ. ಮನೆಯಲ್ಲಿ ಟವೆಲ್ ಎಲ್ಲಿ, ಚಾರ್ಜರ್ ಎಲ್ಲಿ ಎಂದು ಹುಡುಕುತ್ತಾ ಓಡಾಡುವವಳು ಅಲ್ಲಿ ಬೇರೆಯೇ. ಸ್ವರ ಎತ್ತರಿಸುವುದಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾಳೆ, ಯಾರಾದರೂ ಉತ್ತರ ಹೇಳುವವರೆಗೂ. ಕಣ್ಣು ಮುಚ್ಚಿಕೊಳ್ಳಿ, ಬರೀ ಕೇಳಿ ಎಂದಳು. ನನಗೆ ‘ಹ್ಞೂಂ’ ಎಂದಳು. ಟಕ್. ಈಗ ಏನಾಯ್ತು? "ಓದ್ಕೊಳ್ತು ಮಿಸ್." ಬಿಡು. ಟಕ್ ಟಕ್, ಟಕಟಕ. "ಕೂಡ್ತು ಮಿಸ್!" ಐದು ಬಾರಿ ಕಳೆದು ಗಂಟೆ ಟಿಂಗ್ ಎಂದಾಗ ಇಡೀ ರೂಮು ಚಪ್ಪಾಳೆ ತಟ್ಟಿತು. ನನ್ನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತ್ತು.

ಆಗ ಬಿಳಿಕೂದಲಿನವರು ಕೈ ಎತ್ತಿದರು.

"ಒಂದು ಸಂಖ್ಯೆಯನ್ನ ಅದಕ್ಕೇ ಕೂಡಿಸಿ ನೋಡೋಣ. ಐದಕ್ಕೆ ಅದೇ ಐದು."

ಅದೇನು ಮಹಾ. ಪುಟ್ಟಿ ಮೂರನೇ ಜಾಗದಲ್ಲಿ ಐದು ತುಂಬಿದಳು. ಮೊದಲ ಮಹಡಿ — ಮೂರರಿಂದ ತರು. ಎರಡನೇ ಮಹಡಿ — ಮೂರರಲ್ಲಿರುವುದನ್ನು ಕೂಡು. ಆಮೇಲೆ ನಿಲ್ಲು. ಬೋರ್ಡಿನ ಮೇಲೆ ‘ಹತ್ತು’ ಎಂದು ಬರೆದೇ ನನ್ನ ಕಡೆ ನೋಡಿದಳು. ಒತ್ತಿದೆ. ಬಿಟ್ಟೆ. ಒತ್ತಿದೆ. ಬಿಟ್ಟೆ.

ಐದು.

ರೂಮಿನಲ್ಲಿ ಗುಸುಗುಸು. ಪುಟ್ಟಿ ಸ್ವಿಚ್ಚುಗಳನ್ನು ನೋಡಿದಳು. ಸರಿಯಾಗಿಯೇ ಇವೆ. "ಇನ್ನೊಂದ್ಸಲ" ಎಂದಳು. ಸೆಲೆಕ್ಟರನ್ನು ಮೊದಲ ಮಹಡಿಗೆ ಇಳಿಸಿ ಮತ್ತೆ ಒತ್ತಿದೆ.

ಸೊನ್ನೆ!

ಆಗ ನನಗೆ ಹೊಳೆಯಿತು. ಕರೆಯ ರಿಲೇ! ಲಿಫ್ಟು ಮಹಡಿಗೆ ಬಂದು ನಿಂತರೆ ಆ ಕರೆ ಅಳಿದುಹೋಗಬೇಕು. ಹಾಗೆಯೇ ನಾನು ಕಟ್ಟುವುದು, ಯಾವತ್ತೂ. ಇಲ್ಲಿಯೂ ಹಾಗೆಯೇ ಕಟ್ಟಿದ್ದೆ, ಯಾರನ್ನೂ ಕೇಳದೆ. ಜಾಗದಿಂದ ಸಂಖ್ಯೆ ಓದಿದ ತಕ್ಷಣ ಆ ಜಾಗ ಬರಿದು. ಮನೆಯಲ್ಲಿ ಮಾಡಿಸಿದ ಲೆಕ್ಕಗಳಲ್ಲಿ ಓದಿದ ಜಾಗವನ್ನು ಹಾಗೆಯೇ ಮತ್ತೊಮ್ಮೆ ಓದಿರಲಿಲ್ಲ. ಕಳೆಯುವ ಲೆಕ್ಕದಲ್ಲಿ ಪ್ರತಿ ಸಲವೂ ಹೊಸದಾಗಿ ಇಡುತ್ತಿದ್ದೆವು. ಡಬ್ಬಿಯ ಮುಚ್ಚಳ ಮುಚ್ಚಿತ್ತು. ಯಾರಿಗೆ ಗೊತ್ತಾಗಬೇಕು?

ಬಾಯಿ ಬಿಡಬೇಡ ಎಂದಿದ್ದಾಳೆ. ಬಿಟ್ಟರೆ ಅವಳಿಗೆ ಗೊತ್ತಿಲ್ಲವೆಂದಾಗುತ್ತದೆ. ಬಿಡದಿದ್ದರೆ ಇಡೀ ಪಾಠ ಕೆಡುತ್ತದೆ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಇವಳ ಇಷ್ಟು ವರ್ಷದ ದುಡಿಮೆ, ಇರುವ ಒಂದೇ ಅವಕಾಶ, ಹಾಳುಮಾಡಿದವನು ಹೊರಗಿನವನಲ್ಲ. ನಾನು. ಅಳು ಬಂದುಬಿಟ್ಟಿತ್ತು, ನಿಜ.

ಪುಟ್ಟಿ ಯಂತ್ರಕ್ಕೆ ಬೆನ್ನು ಮಾಡಿ ನಿಂತು, ಬಂದ ಉತ್ತರಗಳನ್ನು ಹತ್ತರ ಕೆಳಗೆ ಬರೆದು, ಬೋರ್ಡನ್ನೇ ನೋಡುತ್ತಿದ್ದಳು. ಐದು. ಸೊನ್ನೆ. ಹಿಂದಿನ ಬೆಂಚಿನ ಕಚೇರಿಯವರು ಗಡಿಯಾರ ನೋಡಿಕೊಂಡರು. ಆಮೇಲೆ ಅವಳು ತಿರುಗಿದಳು. ಮುಖದಲ್ಲಿ... ನಗು! ನನ್ನ ಕಡೆ ನೋಡಿ, ಅಷ್ಟೂ ಜನರ ಮುಂದೆ,

"ಅಪ್ಪಾ" ಎಂದಳು. "ಲಿಫ್ಟು ಮಹಡಿಗೆ ಬಂದ್ಮೇಲೆ ಗುಂಡಿಯ ದೀಪ ಏನಾಗುತ್ತೆ?"

"ಆರುತ್ತೆ" ಎಂದೆ.

"ಯಾಕೆ ಆರ್ಬೇಕು?"

"ಆರದಿದ್ರೆ ಲಿಫ್ಟು ಅಲ್ಲೇ ನಿಂತು ಬಾಗಿಲು ತೆಗಿಯೋದು ಮುಚ್ಚೋದು, ತೆಗಿಯೋದು ಮುಚ್ಚೋದು ಮಾಡ್ತಾ ಇರುತ್ತಮ್ಮ. ಜನ ಹೊಡಿಯೋಕೆ ಬರ್ತಾರೆ."

ಹುಡುಗರು ಗೊಳ್ಳೆಂದು ನಕ್ಕರು. ಪುಟ್ಟಿಯೂ ನಕ್ಕಳು.

"ಇದು ನಮ್ಮಪ್ಪ. ಇಡೀ ಜೀವನ ಲಿಫ್ಟ್ ರಿಪೇರಿ ಮಾಡಿದೋರು. ಈ ಯಂತ್ರದ ನೆನಪನ್ನೂ ಲಿಫ್ಟಿನ ಥರಾನೇ ಕಟ್ಟಿದಾರೆ. ಓದಿದ ಕೂಡ್ಲೇ ಮರೆತುಬಿಡುತ್ತೆ. ಈ ತಪ್ಪು ನಂಗೂ ಈಗ್ಲೇ ಗೊತ್ತಾಗಿದ್ದು. ಸರಿ, ಈಗ ನಿಮಗೆ ಕೆಲಸ. ಒಂದು ತಂತೀನೂ ಮುಟ್ಟೋ ಹಾಗಿಲ್ಲ. ಇರೋ ಆರು ಕೆಲಸಗಳಲ್ಲೇ ಐದಕ್ಕೆ ಐದು ಕೂಡಿಸಿ ಹತ್ತು ತರಿಸ್ಬೇಕು. ಹೇಗೆ?"

ಕೇಳಿ ಸುಮ್ಮನೆ ನಿಂತಳು. ಅವಳು ಆರಾಮಾಗಿ ಕೈಕಟ್ಟಿ ನಿಂತಿದ್ದಾಳೆ. ಒಬ್ಬ ಏನೋ ಹೇಳಿದ. ಅದನ್ನೇ ಬೋರ್ಡಿನ ಮೇಲೆ ಬರೆದು, ಒಂದೊಂದು ಸಾಲಿಗೂ ಕೈಯಲ್ಲೆಷ್ಟು, ಜಾಗದಲ್ಲೆಷ್ಟು ಎಂದು ಅವನ ಬಾಯಿಂದಲೇ ಹೇಳಿಸಿದಳು. ಆಗಲಿಲ್ಲ. ಅವನೇ ನಾಲಗೆ ಕಚ್ಚಿಕೊಂಡು ಕೂತ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದಳು.

"ಮಿಸ್, ತಂದ ತಕ್ಷಣ ಅಲ್ಲೇ ವಾಪಸ್ ಇಟ್ಟುಬಿಡೋಣ. ಕೈಯಲ್ಲೂ ಐದಿರುತ್ತೆ, ಜಾಗದಲ್ಲೂ ಐದಿರುತ್ತೆ. ಆಮೇಲೆ ಕೂಡೋಣ."

"ಬಂದು ಸ್ವಿಚ್ ಹಾಕು" ಎಂದಳು ಪುಟ್ಟಿ.

ಹುಡುಗಿ ಬಂದು ಹಾಕಿದಳು. ಮೂರರಿಂದ ತರು. ಮೂರರಲ್ಲಿ ಇಡು. ಮೂರರಲ್ಲಿರುವುದನ್ನು ಕೂಡು. ನಿಲ್ಲು. ಪುಟ್ಟಿ ‘ಹ್ಞೂಂ’ ಎಂದಾಗಲೆಲ್ಲ ಒತ್ತಿದೆ. ಕೊನೆಯ ಸಲ ಬೆರಳು ಬಿಡುವುದಕ್ಕೇ ಭಯ. ಬಿಟ್ಟೆ. ಟಕ್ ಟಕ್, ಟಕಟಕಟಕ.

ಎಂಟರದು ಹತ್ತಿತು. ಎರಡರದು ಹತ್ತಿತು. ಹತ್ತು!

ಹುಡುಗರು ಬೆಂಚು ಕುಟ್ಟಿದರು. ಪುಟ್ಟಿ ಅವರನ್ನು ಸುಮ್ಮನಾಗಿಸಿ, ಹಳೆಯ ಕಾಲದ ದೊಡ್ಡ ಯಂತ್ರಗಳಲ್ಲೂ ಓದಿದರೆ ಅಳಿಯುವ ನೆನಪು ಇತ್ತು, ಅಲ್ಲಿಯೂ ಓದಿದ ಮೇಲೆ ತಿರುಗಿ ಬರೆಯುತ್ತಿದ್ದರು ಎಂದು ಹೇಳಿ ಪಾಠ ಮುಗಿಸಿದಳು. ಹಿಂದಿನ ಬೆಂಚಿನವರು ಏನೋ ಬರೆದುಕೊಂಡರು. ಬಿಳಿಕೂದಲಿನವರು ನಗಲಿಲ್ಲ. "ಆಯ್ತು, ಮುಂದಿನೋರು" ಎಂದರು ಕಚೇರಿಯವರು. ಅಷ್ಟೇ. ಒಳ್ಳೆಯದೋ ಕೆಟ್ಟದ್ದೋ ತಲೆಬುಡ ತಿಳಿಯಲಿಲ್ಲ.

ಹೊರಗೆ ಮರದ ಕೆಳಗೆ ನಿಂತಾಗ ಹೇಳಿದೆ. "ತಪ್ಪು ನಂದು ಪುಟ್ಟಿ. ಡ್ರಾಯಿಂಗ್ ಕೊಡ್ತೀನಿ ಅಂದಿದ್ದೆ ನೀನು. ನಾನೇ ಜಂಬ ಮಾಡ್ದೆ."

"ಸುಮ್ನಿರಪ್ಪ" ಎಂದಳು. ನನ್ನ ಕೈ ಹಿಡಿದುಕೊಂಡಳು. ಅವಳ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ರೂಮಿನೊಳಗೆ ಎಲ್ಲಿ ಬಚ್ಚಿಟ್ಟಿದ್ದಳೋ ಆ ನಡುಕವನ್ನು.

ಮಾರ್ಚ್ 5, ಬುಧವಾರ

ಮನೆಯವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಜನರ ಮುಂದೆ ಅಪ್ಪಾ ಅಂದ್ಲಾ?" ಎಂದು ಕೇಳಿದಳು. ಅಂದಳು ಎಂದೆ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೊಲಿಗೆ ಯಂತ್ರ ತುಳಿಯತೊಡಗಿದಳು. ನೂಲೇ ಪೋಣಿಸಿರಲಿಲ್ಲ.

ಮಾರ್ಚ್ 9, ಭಾನುವಾರ

ಸುದ್ದಿಯಿಲ್ಲ. ಯಂತ್ರ ಇನ್ನೂ ಕಾಲೇಜಿನಲ್ಲೇ ಇದೆ. ಟೇಬಲ್ ಪೂರ್ತಿ ಮನೆಯವಳದು. ಉದ್ದಕ್ಕೆ ಪರದೆ ಹಾಸಿಕೊಂಡು ಕತ್ತರಿಸುತ್ತಾಳೆ, ಆದರೆ ಹಾಡು ಗುನುಗುವುದಿಲ್ಲ. "ಮನೆ ಬಿಕೋ ಅನ್ಸುತ್ತೆ ಕಣ್ರೀ" ಎಂದಳು. ಕೆಳಗಿನ ಅಜ್ಜಿಯೂ ಕೇಳಿದರಂತೆ, ಈಗ ಯಾರೂ ಬರಲ್ವಾ ಎಂದು.

ಪುಟ್ಟಿ ಊಟ ಅರ್ಧಕ್ಕೇ ಏಳುತ್ತಾಳೆ. ಬೇರೆ ಇಬ್ಬರೂ ಚೆನ್ನಾಗಿ ಮಾಡಿದರಂತೆ. ಒಬ್ಬನ ಪಾಠದಲ್ಲಿ ಬಣ್ಣಬಣ್ಣದ ಚಿತ್ರ ಓಡಾಡುತ್ತಿದ್ದವಂತೆ, ಒಂದು ತಪ್ಪೂ ಇಲ್ಲ. ನಮ್ಮದರಲ್ಲಿ ಇದ್ದದ್ದು ಒಂದೇ ತಪ್ಪು, ಅದೂ ನನ್ನದು. ದಿನಕ್ಕೆ ಹತ್ತು ಸಲ ಅದೇ ತಲೆಯಲ್ಲಿ ತಿರುಗುತ್ತದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3.40

ಬರೆಯುತ್ತಾ ಇರಬೇಕು, ಇಲ್ಲದಿದ್ದರೆ ಕೂಗಿಬಿಡುತ್ತೇನೆ.

ಪುಟ್ಟಿ ಮಧ್ಯಾಹ್ನವೇ ಬಂದಳು, ತಲೆನೋವು ಎಂದು. ಊಟ ಬೇಡ ಎಂದು ಮಲಗಿದಳು. ಎಷ್ಟೋ ದಿನಗಳ ನಂತರ ನಿಜವಾದ ನಿದ್ದೆ, ಬಾಯಿ ಸ್ವಲ್ಪ ತೆರೆದು, ಸಣ್ಣವಳಿದ್ದಾಗ ಮಲಗುತ್ತಿದ್ದ ಹಾಗೆ. ಮನೆಯವಳು ಪರದೆ ಕೊಟ್ಟುಬರಲು ಹೋಗಿದ್ದಾಳೆ. ಪುಟ್ಟಿಯ ಫೋನು ನಡುಮನೆಯಲ್ಲಿ ಚಾರ್ಜಿಗಿತ್ತು. ಗುಂಯ್‌ಗುಟ್ಟಿತು. ಅವಳು ಏಳಬಾರದೆಂದು ಓಡಿಹೋಗಿ ಎತ್ತಿದೆ. ವಿಭಾಗದ ಮುಖ್ಯಸ್ಥರು.

"ಮೇಡಂ ಇಲ್ವಾ?"

"ಮಲಗಿದಾಳೆ ಸರ್. ಎಬ್ಬಿಸ್ತೀನಿ."

"ಯಾರು, ಲಿಫ್ಟಿನೋರಾ?" ನಕ್ಕರು. "ಎಬ್ಬಿಸ್ಬೇಡಿ. ನೀವೇ ಹೇಳಿ. ಅವರನ್ನೇ ತಗೊಂಡಿದೀವಿ. ನಾವು ಮೂವರೂ ಒಪ್ಪಿದ್ವಿ. ನಾಳೆ ಆರ್ಡರ್ ಕೈಗೆ ಕೊಡ್ತೀವಿ."

ತಪ್ಪಾಯಿತಲ್ಲ ಸರ್, ಅವತ್ತು, ಎಂದು ಏನೋ ತೊದಲಿದೆ.

"ಪಾಠ ಕೆಟ್ಟಾಗ ಏನ್ಮಾಡ್ತಾರೆ ಅಂತ ನಾವು ಎಲ್ಲಿ ನೋಡೋಕಾಗುತ್ತೆ ಯಜಮಾನ್ರೇ? ಅದನ್ನ ನೋಡಿದ್ವಿ. ಪ್ರೊಫೆಸರ್ ಮೇಡಂ ಆ ಮಾತು ಬಿಟ್ಟು ಬೇರೆ ಮಾತೇ ಆಡ್ಲಿಲ್ಲ."

ಫೋನಿಟ್ಟೆ. ಆಮೇಲೆ ಅವಳ ರೂಮಿನ ಬಾಗಿಲಿಗೆ ಹೋಗಿ ಎಬ್ಬಿಸಲು ಕೈ ಚಾಚಿ, ಹಿಂದೆ ತೆಗೆದುಕೊಂಡೆ. ಮಲಗಲಿ. ಎಷ್ಟು ವರ್ಷ ಸರಿಯಾಗಿ ಮಲಗಿಲ್ಲ ನನ್ನ ಮಗಳು. ಇನ್ನು ಜೂನ್ ಬರಲಿ, ಜುಲೈ ಬರಲಿ, ಯಾರ ಬಾಗಿಲಿನ ಮುಂದೆಯೂ ನಿಲ್ಲಬೇಕಾಗಿಲ್ಲ. ಅದು ಅವಳಿಗೆ ಇನ್ನೂ ಗೊತ್ತಿಲ್ಲ. ನನಗೊಬ್ಬನಿಗೇ ಗೊತ್ತು. ಇಷ್ಟು ಸಂತೋಷ ಒಬ್ಬನೇ ಇಟ್ಟುಕೊಂಡು ಕೂತಿರುವುದು ಬಹಳ ಕಷ್ಟ. ಬಹಳ ಸುಖ ಕೂಡ.

ಹೇಗೆ ಹೇಳಲಿ? ಸುಮ್ಮನೆ ಹೇಳಿಬಿಡಲೇ? ಮನೆಯವಳು ಬರುವವರೆಗೂ ತಡೆಯಲೇ? ತಡೆಯಲಾರೆ. ಮೊದಲು ಬೇಸರದ ಮುಖ ಮಾಡಿ ಆಟ ಆಡಿಸಲೇ? ಛೆ, ಬೇಡ. ನನ್ನ ಮುಖದಲ್ಲಿ ಯಾವುದೂ ನಿಲ್ಲುವುದಿಲ್ಲ, ಈಗಾಗಲೇ ಕೆನ್ನೆ ನೋಯುತ್ತಿದೆ.

ಮಂಚ ಕಿರ್ರೆಂದಿತು. ಎದ್ದಳು. ಚಪ್ಪಲಿ ಹುಡುಕುತ್ತಿದ್ದಾಳೆ. "ಅಪ್ಪಾ, ಯಾರದ್ದಾದ್ರೂ ಫೋನ್ ಬಂದಿ—"